ಎಲ್‌ಎಲ್‌ಆರ್‌ಗೆ ಪಾಸಿಂಗ್ ಪ್ಯಾಕೇಜ್ ಸಾಲದು

ದ್ವಿತೀಯ ಪಿಯುಸಿ ತರಗತಿಗಳಲ್ಲಿ ಈಗ ಎರಡು ಪರೀಕ್ಷೆಗಳದ್ದೇ ಮಾತು. ಒಂದು ವಾರ್ಷಿಕ ಪರೀಕ್ಷೆ, ಇನ್ನೊಂದು ಎಲ್‌ಎಲ್‌ಆರ್. ಹದಿನೆಂಟು ತುಂಬಿದ ಗೆಳೆಯರು ಒಬ್ಬೊಬ್ಬರಾಗಿ ಅರ್ಜಿ ಹಾಕುತ್ತಿದ್ದಾರೆ. ಬರುವ ತಿಂಗಳು ನನಗೂ ಹದಿನೆಂಟು ತುಂಬುವುದರಿಂದ ನಾನೂ ಸಾರಿಗೆ ಇಲಾಖೆಯ ಪ್ರಶ್ನೆಗಳನ್ನು ಓದುತ್ತಿದ್ದೇನೆ. ಮೊದಲ ಪರೀಕ್ಷೆಗೆ ತಿಂಗಳುಗಟ್ಟಲೆ ತಯಾರಿ ನಡೆಸುವ ನಾವು ಎರಡನೆಯದರ ಬಗ್ಗೆ ಕೇಳುವುದು ಒಂದೇ ಮಾತು: "ಎಷ್ಟು ಸರಿಯಾದರೆ ಪಾಸ್?"

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೂರಕ್ಕೆ 60ರಷ್ಟು ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟರೆ ಸಾಕು. ಕನ್ನಡದಲ್ಲೇ ಉತ್ತರಿಸಬಹುದು. ಆಧಾರ್ ಮೂಲಕ ಅರ್ಜಿ ಹಾಕಿದವರು ಸಾರಥಿ ಜಾಲತಾಣದಲ್ಲಿ ಮನೆಯಿಂದಲೇ ಪರೀಕ್ಷೆ ಮುಗಿಸುವ ವ್ಯವಸ್ಥೆಯೂ ಬಂದಿದೆ. ಇಷ್ಟು ಸುಲಭವಾದ ಮೇಲೆ ಓದುವುದೇಕೆ, ಉತ್ತರಗಳನ್ನು ಬಾಯಿಪಾಠ ಮಾಡಿದರೆ ಆಯಿತಲ್ಲ ಎಂದು ಹಲವರು ಹೇಳುತ್ತಾರೆ. ಪಿಯುಸಿಯಲ್ಲಿ ನಮಗೆ ಪಾಸಿಂಗ್ ಪ್ಯಾಕೇಜ್ ಅಭ್ಯಾಸವಾಗಿದೆ. ಕಷ್ಟದ ಪಾಠ ಬಿಡುವುದು, ಖಂಡಿತ ಬರುವ ಪ್ರಶ್ನೆಗಳನ್ನಷ್ಟೇ ಉರು ಹೊಡೆಯುವುದು. ಅದೇ ಲೆಕ್ಕವನ್ನು ಇಲ್ಲಿಗೂ ತರುತ್ತಿದ್ದೇವೆ.

ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಅಕೌಂಟೆನ್ಸಿಯಲ್ಲಿ ಒಂದು ಪಾಠ ಬಿಟ್ಟರೆ ಹೋಗುವುದು ನನ್ನದೇ ಅಂಕ. ರಸ್ತೆಯ ನಿಯಮ ಒಂದನ್ನು ಬಿಟ್ಟರೆ ಅದರ ನಷ್ಟ ಎದುರಿನಿಂದ ಬರುವವನಿಗೆ, ಬಸ್ಸಿಳಿದು ರಸ್ತೆ ದಾಟುವ ಅಜ್ಜಿಗೆ, ಹಿಂದೆ ಕೂತ ತಮ್ಮನಿಗೆ. 60 ಸಾಕು ಎನ್ನುವುದು ಪರೀಕ್ಷೆಯ ಮಾತು. ಉಳಿದ 40ರಲ್ಲಿ ಯಾವ ಪ್ರಶ್ನೆ ಯಾವ ತಿರುವಿನಲ್ಲಿ ಎದುರಾಗುತ್ತದೆಂದು ಯಾರೂ ಮೊದಲೇ ಹೇಳಲಾರರು.

ಆ ಪ್ರಶ್ನೆಗಳನ್ನು ನಮ್ಮ ಊರಿನ ರಸ್ತೆಗಳ ಮೇಲೆ ಇಟ್ಟು ನೋಡಿ. "ಕಡಿದಾದ ಕಿರಿದಾದ ರಸ್ತೆಯಲ್ಲಿ ಯಾರಿಗೆ ಮೊದಲು ದಾರಿ ಬಿಡಬೇಕು?" ಏರುತ್ತಿರುವ ವಾಹನಕ್ಕೆ. ಉರು ಹೊಡೆದವನಿಗೆ ಇದು ಒಂದು ಅಂಕ. ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿ ನೋಡಿದವನಿಗೆ ಕಾರಣ ತಾನಾಗಿ ಹೊಳೆಯುತ್ತದೆ: ತುಂಬಿದ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ. "ತಿರುವಿನಲ್ಲಿ ಓವರ್‌ಟೇಕ್ ಮಾಡಬಹುದೇ?" ಮುಂದಿನ ರಸ್ತೆ ಕಾಣದಿದ್ದರೆ ಮಾಡಬಾರದು. ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಮೂಡಬಿದಿರೆಗೆ, ಬಂಟ್ವಾಳದಿಂದ ಸಿದ್ದಕಟ್ಟೆಯ ಮೇಲೆ ಮೂಡಬಿದಿರೆಗೆ ದಿನವೂ ಓಡಾಡುವ ನಮಗೆ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಗುಡ್ಡದ ಕೆಂಪು ಮಣ್ಣು ಹರಿದು ರಸ್ತೆಗೆ ಬಂದಾಗಲಂತೂ ಕೇಳುವುದೇ ಬೇಡ.

ಫಲಕಗಳ ವಿಷಯವೂ ಹೀಗೆಯೇ. ಒಂದೊಂದು ಚಿತ್ರಕ್ಕೆ ಒಂದೊಂದು ಉತ್ತರ ಕಂಠಪಾಠ ಮಾಡುವ ಬದಲು ಆಕಾರ ಗಮನಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ದುಂಡಗಿನ ಫಲಕ ಆದೇಶ, ಮೀರುವಂತಿಲ್ಲ. ತ್ರಿಕೋನ ಎಚ್ಚರಿಕೆ, ಮುಂದೆ ಏನೋ ಇದೆ. ಆಯತಾಕಾರದ ನೀಲಿ ಫಲಕ ಮಾಹಿತಿ. ಇಷ್ಟು ಗೊತ್ತಿದ್ದರೆ ಎಂದೂ ನೋಡದ ಫಲಕ ಎದುರಾದರೂ ಕೈ ತಾನಾಗಿ ಬ್ರೇಕಿನ ಕಡೆ ಹೋಗುತ್ತದೆ.

ವೇಗದ ಪಾಠವಂತೂ ನಮ್ಮ ಪಠ್ಯದಲ್ಲೇ ಇದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆಂದು ಪ್ರಥಮ ಪಿಯುಸಿಯ ಭೌತಶಾಸ್ತ್ರದ ಸೂತ್ರದಿಂದಲೇ ತಿಳಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ, ಸವಾರ ಬೆಚ್ಚಿ ಬ್ರೇಕ್ ಹಿಡಿಯಲು ತೆಗೆದುಕೊಳ್ಳುವ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಬಿ.ಸಿ. ರೋಡಿನಲ್ಲಿ ನಿಂತ ಬಸ್ಸಿನ ಮರೆಯಿಂದ ಮಗುವೊಂದು ಹೊರಬರಲು ಅಷ್ಟು ದೂರ ಬೇಕಾಗಿಲ್ಲ.

ಇನ್ನು ಹದಿನೆಂಟು ತುಂಬದವರ ಮಾತು. ಗೇಟಿನೊಳಗೆ ಬೈಕ್ ತರಬಾರದು ಎಂದರೆ ಹತ್ತಿರದ ಅಂಗಡಿಯ ಬದಿಯಲ್ಲಿ ನಿಲ್ಲಿಸಿ ನಡೆದು ಬರುವವರು ನಮ್ಮಲ್ಲಿದ್ದಾರೆ. ಗೇರ್ ಇಲ್ಲದ ಸ್ಕೂಟರಿಗೆ 16 ಸಾಕು ಎಂಬ ನಂಬಿಕೆ ಹಲವರಿಗಿದೆ. ಕಾನೂನು 16ಕ್ಕೆ ಅವಕಾಶ ಕೊಟ್ಟಿರುವುದು 50 ಸಿಸಿ ಮೀರದ, ಗೇರ್ ಇಲ್ಲದ ದ್ವಿಚಕ್ರಕ್ಕೆ ಮಾತ್ರ, ಅದೂ ಹೆತ್ತವರ ಲಿಖಿತ ಒಪ್ಪಿಗೆಯೊಂದಿಗೆ, ಲೈಸೆನ್ಸ್ ಮಾಡಿಸಿಕೊಂಡ ಮೇಲೆ. ಮನೆಯ ಅಂಗಳದಲ್ಲಿ ನಿಂತಿರುವ ಸ್ಕೂಟರ್ 110 ಅಥವಾ 125 ಸಿಸಿಯದ್ದು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ಗಲ್ಫಿನಲ್ಲಿ ದುಡಿಯುವ ಉಪ್ಪ ಕಳಿಸಿದ ಹಣದಲ್ಲಿ ಕೊಂಡ ಗಾಡಿ, ಮನೆಯಲ್ಲಿ ಒಬ್ಬರೇ ಇರುವ ಉಮ್ಮನ ಹೆಸರಿನಲ್ಲಿದ್ದರೆ, ಠಾಣೆಗೆ ಹೋಗಬೇಕಾದವರು ಯಾರು ಎಂದು ಯೋಚಿಸಿ.

ಎಲ್‌ಎಲ್‌ಆರ್ ಕೈಗೆ ಬಂದ ತಕ್ಷಣ ಪೂರ್ತಿ ಸ್ವಾತಂತ್ರ್ಯ ಬಂತೆಂದೂ ಅಲ್ಲ. ಅದು ಆರು ತಿಂಗಳ ಕಲಿಕೆಯ ಪರವಾನಗಿ. 30 ದಿನ ಕಳೆದ ಮೇಲಷ್ಟೇ ಡಿಎಲ್ ಪರೀಕ್ಷೆಗೆ ಹೋಗಬಹುದು. ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪಿನ 'ಎಲ್' ಇರಬೇಕು. ಬೈಕ್ ಕಲಿಯುವವನು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಎಲ್‌ಎಲ್‌ಆರ್ ಸಿಕ್ಕಿದ ಖುಷಿಗೆ ಗೆಳೆಯನನ್ನು ಹತ್ತಿಸಿಕೊಂಡು ಮೂಡಬಿದಿರೆ ಪೇಟೆ ಸುತ್ತುವುದೂ ನಿಯಮದ ಉಲ್ಲಂಘನೆಯೇ.

"ಒಳ ಊರಿಗೆ ಸಂಜೆಯ ಮೇಲೆ ಬಸ್ಸಿಲ್ಲ, ಬೈಕ್ ಇಲ್ಲದಿದ್ದರೆ ಕಾಲೇಜು ಬಿಡಬೇಕಾಗುತ್ತದೆ" ಎನ್ನುವವರ ಕಷ್ಟ ಸುಳ್ಳಲ್ಲ. ನಮ್ಮ ಮೂರೂ ತಾಲೂಕುಗಳಲ್ಲಿ ಮುಖ್ಯರಸ್ತೆಯಿಂದ ಐದಾರು ಕಿಲೋಮೀಟರ್ ಒಳಗಿರುವ ಮನೆಗಳು ಬೇಕಾದಷ್ಟಿವೆ. ಅಂಥವರಿಗೆ ಈ ಪರೀಕ್ಷೆ ಬೇರೆಯವರಿಗಿಂತ ಹೆಚ್ಚು ಮುಖ್ಯ, ಏಕೆಂದರೆ ರಸ್ತೆಯಲ್ಲಿ ಹೆಚ್ಚು ಹೊತ್ತು ಇರುವವರು ಅವರೇ. ವಿದ್ಯಾರ್ಥಿನಿಯರಿಗೂ ಇದೇ ಮಾತು. ಅಣ್ಣನೋ ಮಾವನೋ ಬಂದು ಕರೆದುಕೊಂಡು ಹೋಗಲಿ ಎಂದು ಗೇಟಿನ ಬಳಿ ಕಾಯುವುದಕ್ಕಿಂತ, ಹದಿನೆಂಟು ತುಂಬಿದೊಡನೆ ಸರಿಯಾಗಿ ಕಲಿತು ಲೈಸೆನ್ಸ್ ಪಡೆಯುವುದು ಮೇಲು.

ಈ ಪತ್ರಿಕೆಯ ಮೂಲಕ ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ನನ್ನದೊಂದು ವಿನಂತಿ. ವರ್ಷದಲ್ಲಿ ನಾಲ್ಕು ಬಿಡುವಿನ ಪೀರಿಯಡ್‌ಗಳನ್ನು ಇದಕ್ಕೆ ಕೊಡಿ. ಒಂದು ದಿನ ಫಲಕಗಳು, ಒಂದು ದಿನ ದಾರಿ ಬಿಡುವ ನಿಯಮಗಳು, ಒಂದು ದಿನ ಭೌತಶಾಸ್ತ್ರದ ಸರ್ ಅವರಿಂದ ಬ್ರೇಕಿನ ಲೆಕ್ಕ. ಕೊನೆಯ ದಿನ ಅಪಘಾತವಾದಾಗ ಏನು ಮಾಡಬೇಕೆಂಬ ಪಾಠ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕರ್ತವ್ಯವೆಂದು ಕಾನೂನು ಹೇಳುತ್ತದೆ. ಒಳ್ಳೆಯ ಮನಸ್ಸಿನಿಂದ ನೆರವಿಗೆ ಬಂದ ದಾರಿಹೋಕರಿಗೆ 2019ರ ತಿದ್ದುಪಡಿ ರಕ್ಷಣೆಯನ್ನೂ ಕೊಟ್ಟಿದೆ. ಇದು ಗೊತ್ತಿಲ್ಲದೆ, ಪೊಲೀಸ್ ಕೇಸಿನ ಹೆದರಿಕೆಗೆ ದೂರ ನಿಂತು ನೋಡುವವರು ಇಂದಿಗೂ ಇದ್ದಾರೆ.

ದಾರಿಯ ಮೇಲಿನ ಮುಳ್ಳನ್ನು ಬದಿಗೆ ಸರಿಸುವುದೂ ಪುಣ್ಯದ ಕೆಲಸವೆಂದು ಮದ್ರಸದ ಸಣ್ಣ ತರಗತಿಯಲ್ಲೇ ಕಲಿತವರು ನಾವು. ಅದೇ ದಾರಿಗೆ ನಾವೇ ಮುಳ್ಳಾಗಬಾರದು. ಅರ್ಜಿ ಹಾಕುವ ಮೊದಲು ಪ್ರಶ್ನೆಗಳನ್ನು ಪೂರ್ತಿ ಓದಿ, ತಪ್ಪಾದ ಪ್ರತಿಯೊಂದಕ್ಕೂ ಕಾರಣ ಕೇಳಿ ತಿಳಿದುಕೊಳ್ಳಿ. ಬರುವ ಸೋಮವಾರದಿಂದ ಮಧ್ಯಾಹ್ನದ ಬಿಡುವಿನಲ್ಲಿ ನಾವು ಕೆಲವರು ಗ್ರಂಥಾಲಯದಲ್ಲಿ ಕೂತು ಓದುತ್ತೇವೆ. ಹದಿನೆಂಟು ತುಂಬದವರೂ ಬರಬಹುದು, ಓದುವುದಕ್ಕೆ ವಯಸ್ಸಿನ ಮಿತಿಯಿಲ್ಲ.