ಕುಮಾರ ಪರ್ವತಕ್ಕೆ ಮಿತಿ ಬೇಕೇ ಬೇಕು

ಚಾರಣಿಗರ ಸಂಖ್ಯೆಗೆ ಮಿತಿ ಹಾಕುವುದು ಜನರಿಂದ ಕಾಡನ್ನು ಕಿತ್ತುಕೊಂಡಂತೆ ಎಂಬ ಲೇಖನ ಓದಿ ಸಿಟ್ಟು ಬಂತು. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನೆರೆದದ್ದನ್ನು ಲೇಖಕರು ಮರೆತರೆ? ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣವನ್ನು ತಡೆದದ್ದು ಅದಾದ ಮೇಲೆಯೇ. ಆಮೇಲೆ ಒಂದು ದಾರಿಗೆ ದಿನಕ್ಕೆ 300 ಮಂದಿ ಎಂದು ಗೊತ್ತುಮಾಡಿತು. ನನ್ನ ಪ್ರಕಾರ ಅದೂ ಹೆಚ್ಚೇ.

ಪುಷ್ಪಗಿರಿ ವನ್ಯಧಾಮದಲ್ಲಿರುವ ಈ ಬೆಟ್ಟದ ನೆತ್ತಿಯ ಹುಲ್ಲು ಮಳೆನೀರನ್ನು ಹಿಡಿದಿಟ್ಟು, ಕೆಳಗಿನ ಶೋಲಾ ಕಾಡಿನ ತೊರೆಗಳಿಗೆ ನಿಧಾನವಾಗಿ ಬಿಡುತ್ತದೆ. ಸಾವಿರಾರು ಬೂಟುಗಳು ಒಂದೇ ಜಾಡು ತುಳಿದರೆ ಹುಲ್ಲು ಸಾಯುತ್ತದೆ, ಬರಿದಾದ ಮಣ್ಣು ಮುಂಗಾರಿಗೆ ಕೊಚ್ಚಿಹೋಗಿ ಕೊರಕಲು ಬೀಳುತ್ತದೆ. ಸುಬ್ರಹ್ಮಣ್ಯಕ್ಕೆ ಬಂದ ಭಕ್ತರು ಮೀಯುವ ಕುಮಾರಧಾರೆ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಮೇಲೆ ಎಸೆದ ಬಾಟಲಿ, ಚಿಪ್ಸ್ ಪ್ಯಾಕೆಟ್ಟುಗಳಿಗೂ ಅದೇ ಹರಿವು ದಾರಿ.

ಊರವರ ಹೊಟ್ಟೆಪಾಡಿನ ಮಾತನ್ನೂ ಲೇಖಕರು ಎತ್ತಿದ್ದಾರೆ. ಬಸ್ಸು, ಊಟ, ಗೈಡ್ ಎಲ್ಲವನ್ನೂ ಬೆಂಗಳೂರಿನಲ್ಲೇ ಗೊತ್ತುಮಾಡಿಕೊಂಡು ಶುಕ್ರವಾರ ರಾತ್ರಿ ಹೊರಡುವ ತಂಡಗಳಿಂದ ಊರಿಗೆ ಎಷ್ಟು ಸಿಗುತ್ತದೆ? ಊರವರ ಮೇಲೆ ಕಾಳಜಿಯಿದ್ದರೆ ಪ್ರತಿ ತಂಡಕ್ಕೂ ಸ್ಥಳೀಯ ಮಾರ್ಗದರ್ಶಿ ಕಡ್ಡಾಯವಾಗಲಿ, ಅವರಿಗೆ ನ್ಯಾಯವಾದ ಕೂಲಿ ಸಿಗಲಿ ಎಂದು ಬರೆಯಬೇಕಿತ್ತು. ಮಿತಿ ತೆಗೆಯಿರಿ ಎಂದಲ್ಲ.