ಮೊದಲ ಸಂಬಳವೂ ತೆನೆಯಲ್ಲುಳಿದ ಧಾನ್ಯವೂ

ನಮ್ಮ ಮದ್ರಸದಲ್ಲಿ ಕಲಿತುಹೋದ ಯುವಕನೊಬ್ಬನು ಕಳೆದ ರಮಝಾನ್‌ನಲ್ಲಿ ತರಾವೀಹ್ ಮುಗಿದ ಬಳಿಕ ನಮ್ಮನ್ನು ಕಾದು ನಿಂತಿದ್ದನು. ದಮ್ಮಾಮ್‌ನಲ್ಲಿ ಒಂಬತ್ತು ವರ್ಷ ದುಡಿದು ಊರಿಗೆ ಮರಳಿದವನು. "ಉಸ್ತಾದ್, ದುಡಿದದ್ದೆಲ್ಲ ಎಲ್ಲಿ ಹೋಯಿತೆಂದು ನನಗೇ ತಿಳಿಯುತ್ತಿಲ್ಲ" ಎಂದನು. ಅವನು ಕುಡುಕನಲ್ಲ, ಜೂಜುಕೋರನಲ್ಲ. ಇಬ್ಬರು ಸಹೋದರಿಯರ ಮದುವೆ, ಮನೆಯ ಮೇಲೊಂದು ಮಹಡಿ, ಪ್ರತಿ ರಜೆಯಲ್ಲೂ ಪೆಟ್ಟಿಗೆ ತುಂಬ ಉಡುಗೊರೆ, ಗೆಳೆಯರಿಗೆ ಕೊಟ್ಟ ಕೈಸಾಲ. ಯಾವುದಕ್ಕೂ ಬರೆದಿಟ್ಟ ಲೆಕ್ಕವಿರಲಿಲ್ಲ.

ಅವನು ಹೋದ ಮೇಲೆ ನಮ್ಮನ್ನು ಕಾಡಿದ್ದು ಅವನ ತಪ್ಪಲ್ಲ, ನಮ್ಮದು. ಅಲ್ ಬಕರಃ ಅಧ್ಯಾಯದ 282ನೇ ಸೂಕ್ತವನ್ನು ಅವನಿಗೆ ತಜ್ವೀದ್ ತಪ್ಪದಂತೆ ಓದಲು ಕಲಿಸಿದ್ದವರು ನಾವೇ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ. ಸಾಲದ ವ್ಯವಹಾರವನ್ನು ಅವಧಿಸಹಿತ ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದು ಎಂಬುದೇ ಅದರ ಆದೇಶ. ನಾವು ಓದಲು ಕಲಿಸಿದೆವು, ಬರೆಯಲು ಕಲಿಸಲಿಲ್ಲ. (ನಮ್ಮ ಮನೆಯಲ್ಲೂ ಅಂತಹ ಲೆಕ್ಕದ ಪುಸ್ತಕವಿರಲಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುವುದು ಲೇಸು.)

ನಮ್ಮ ಮಿಂಬರ್‌ಗಳಿಂದ ಶ್ರೀಮಂತರಿಗೆ ಝಕಾತ್‌ನ ಉಪದೇಶವಾಗುತ್ತದೆ, ಬಡವರಿಗೆ ಸಹನೆಯ ಉಪದೇಶವಾಗುತ್ತದೆ. ತಿಂಗಳಿಗೆ ಹದಿನೆಂಟು ಸಾವಿರ ಸಂಬಳದ ಇಪ್ಪತ್ತೆರಡರ ಹರೆಯದವನು ಈ ಎರಡರ ನಡುವೆ ಏನನ್ನೂ ಕೇಳದೆ ಮನೆಗೆ ಮರಳುತ್ತಾನೆ. ಮೇಲಾಗಿ, ನಾಳೆಗಾಗಿ ಕೂಡಿಡುವುದು ತವಕ್ಕುಲ್‌ಗೆ ವಿರುದ್ಧವೆಂಬ ಭಾವನೆ ಹಲವರಲ್ಲಿದೆ. ಪ್ರವಾದಿವರ್ಯರು(ಸ) ತಮ್ಮ ಕುಟುಂಬಕ್ಕೆ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಉಮರ್(ರ)ರಿಂದ ಬುಖಾರಿಯಲ್ಲಿ ವರದಿಯಾಗಿದೆ. ಅವರಿಗಿಂತ ಹೆಚ್ಚಿನ ತವಕ್ಕುಲ್ ನಮ್ಮಲ್ಲಿರಲು ಸಾಧ್ಯವೇ?

ಯೂಸುಫ್(ಅ)ರ ವೃತ್ತಾಂತ ಎಲ್ಲರಿಗೂ ತಿಳಿದದ್ದೇ. ಏಳು ವರ್ಷ ಸಮೃದ್ಧಿ, ಬಳಿಕ ಏಳು ವರ್ಷ ಕ್ಷಾಮ. ಆದರೆ ಆ ಅಧ್ಯಾಯದ 47ನೇ ಸೂಕ್ತದ ಒಂದು ಸೂಕ್ಷ್ಮವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಕೊಯ್ದುದನ್ನು ತೆನೆಯಲ್ಲಿಯೇ ಬಿಡಬೇಕು, ತಿನ್ನಲು ಬೇಕಾದ ಸ್ವಲ್ಪವನ್ನು ಮಾತ್ರ ಬಿಡಿಸಿಕೊಳ್ಳಬೇಕೆಂದು ಅವರು ಹೇಳಿದರು. ತೆನೆಯಲ್ಲಿರುವ ಕಾಳು ಬೇಗ ಕೆಡುವುದಿಲ್ಲ. ಇನ್ನೊಂದು ಉಪಯೋಗವೂ ಉಂಟೆಂದು ನಮಗೆ ತೋರುತ್ತದೆ: ಅದನ್ನು ಕೂಡಲೇ ಬೇಯಿಸಿ ಉಣ್ಣಲಾಗದು. ಇಂದಿನ ಸಂಬಳವೋ ಬಿಡಿಸಿಟ್ಟ ಕಾಳಿನಂತೆ ಮೊಬೈಲಿನೊಳಗೇ ಇರುತ್ತದೆ. ಒಂದು ಸ್ಕ್ಯಾನ್ ಮಾಡಿದರೆ ಸಾಕು, ಖಾಲಿ. ಆದುದರಿಂದ ಸಂಬಳ ಬಂದ ದಿನವೇ, ಖರ್ಚಿಗೆ ಮೊದಲೇ, ಒಂದು ಪಾಲನ್ನು ಮೊಬೈಲ್ ಪಾವತಿಗೆ ಜೋಡಿಸದ ಬೇರೊಂದು ಖಾತೆಗೆ ಹಾಕಬೇಕು. ತಿಂಗಳಿಗೆ 2,000 ರೂಪಾಯಿಯಂತೆ ಹತ್ತು ವರ್ಷ ಹಾಕಿದವನ ಬಳಿ ಬಡ್ಡಿಯ ಒಂದು ಪೈಸೆಯೂ ಇಲ್ಲದೆ 2,40,000 ರೂಪಾಯಿ ಇರುತ್ತದೆ. ಅದೇ ಮೊತ್ತ ಕಂತಿನ ಮೊಬೈಲ್‌ಗೆ ಹೋದರೆ ಎರಡು ವರ್ಷಗಳಲ್ಲಿ ಉಳಿಯುವುದು ಹಳತಾದ ಮೊಬೈಲ್. ಕಂತು ತಪ್ಪಿದರೆ ದಂಡ ಮತ್ತು ಬಡ್ಡಿ ಬೇರೆ.

ಕೂಡಿಟ್ಟ ಹಣದ ಮೌಲ್ಯವನ್ನು ಬೆಲೆಯೇರಿಕೆ ತಿನ್ನುತ್ತದೆಯೆಂಬುದು ನಿಜ. ಹೂಡಿಕೆ ಬೇಕು. ಆದರೆ 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ಉಳಿತಾಯ ಕಳಕೊಂಡು ಬೀದಿಗೆ ಬಂದುದನ್ನು ಮರೆಯಬಾರದು. 'ಹಲಾಲ್' ಎಂಬ ಹಣೆಪಟ್ಟಿಯನ್ನು ನೋಡಿದವರು ಲೆಕ್ಕವನ್ನು ನೋಡಲಿಲ್ಲ. ನಷ್ಟದಲ್ಲಿ ಪಾಲಿಲ್ಲದೆ ಲಾಭ ಮಾತ್ರ ಖಚಿತವೆಂದು ಯಾರಾದರೂ ಹೇಳಿದರೆ, ಅವರ ಗಡ್ಡ ಎಷ್ಟೇ ಉದ್ದವಿರಲಿ, ಅದು ಬಡ್ಡಿಯ ಸ್ವರೂಪವೇ ಆಗಿದೆ.

ಇಷ್ಟು ಹೇಳಿ ಯುವಕರನ್ನು ಮಾತ್ರ ದೂಷಿಸಿದರೆ ಅನ್ಯಾಯವಾದೀತು. ಮಗನ ಸಂಬಳವನ್ನು ಊರಿಗೆಲ್ಲ ಹಂಚುವ ಬಾವಿಯೆಂದು ಭಾವಿಸುವ ಹಿರಿಯರೂ ನಮ್ಮಲ್ಲಿದ್ದಾರೆ. ತಂದೆತಾಯಿಯ ಅಗತ್ಯಗಳನ್ನು ಪೂರೈಸುವುದು ಕರ್ತವ್ಯ, ಸಂಶಯವಿಲ್ಲ. ಆದರೆ ಸಾವಿರ ಜನರ ಔತಣ ಅಗತ್ಯವಲ್ಲ, ವರದಕ್ಷಿಣೆಯಂತೂ ಅನ್ಯಾಯ. ತಂಗಿಯ ಮದುವೆಯ ಹಾಲ್‌ಗಾಗಿ ಅಣ್ಣ ಬಡ್ಡಿಗೆ ಸಾಲ ಎತ್ತುವ ಮನೆಗೆ ಹೋಗಿ ನಿಕಾಹ್‌ನ ಖುತ್ಬಾ ಓದಿ ಬಿರಿಯಾನಿ ಉಂಡು ಬರುವ ನಾವೂ ಅದರಲ್ಲಿ ಪಾಲುದಾರರು. ಕೈಯನ್ನು ಕೊರಳಿಗೆ ಬಿಗಿದುಕೊಳ್ಳಬಾರದು, ಪೂರ್ತಿಯಾಗಿ ಚಾಚಿಯೂ ಬಿಡಬಾರದು ಎಂಬ ಬನೀ ಇಸ್ರಾಈಲ್ ಅಧ್ಯಾಯದ 29ನೇ ಸೂಕ್ತದ ಆಶಯ ಮನೆಯ ಹಿರಿಯರಿಗೂ ಅನ್ವಯವಾಗುತ್ತದೆ. ದುಡಿಯುವ ಹೆಣ್ಣುಮಕ್ಕಳ ಸಂಬಳವೂ ಮಹ್ರ್ ಕೂಡ ಅವರ ಸ್ವಂತ ಆಸ್ತಿ ಎಂಬುದನ್ನು ಗಂಡಂದಿರು ನೆನಪಿಡಬೇಕು.

ಸಾಲದ ಗಂಭೀರತೆಯನ್ನು ತಿಳಿಯಲು ಒಂದು ಹದೀಸ್ ಸಾಕು. ಮೂರು ದೀನಾರ್ ಸಾಲ ಉಳಿಸಿ ಮೃತನಾದವನ ಜನಾಝಾ ನಮಾಝ್‌ಗೆ ನೇತೃತ್ವ ನೀಡಲು ಪ್ರವಾದಿವರ್ಯರು(ಸ) ಮುಂದಾಗಲಿಲ್ಲ. ಅಬೂ ಕತಾದಃ(ರ) ಆ ಸಾಲವನ್ನು ತಾವು ವಹಿಸಿಕೊಂಡ ಬಳಿಕವೇ ನಮಾಝ್ ನಿರ್ವಹಿಸಿದರು.

ಆ ಯುವಕನು ಪೆರ್ನಾಲ್ ಕಳೆದು ಒಂದು ನೋಟ್‌ಬುಕ್ಕಿನೊಂದಿಗೆ ಬಂದನು. ಕೈಸಾಲ ಪಡೆದ ಏಳು ಮಂದಿಯ ಹೆಸರುಗಳನ್ನು ನೆನಪಿನಿಂದ ಬರೆದಿದ್ದನು. ಮೂವರು ಒಪ್ಪಿಕೊಂಡರಂತೆ. ಒಬ್ಬನು ಅದು ಉಡುಗೊರೆಯಾಗಿತ್ತೆಂದನಂತೆ. ಉಳಿದವರು ಫೋನ್ ಎತ್ತುತ್ತಿಲ್ಲ. ಈ ಶವ್ವಾಲ್‌ನಿಂದ ನಮ್ಮ ಮದ್ರಸದ ಹಿರಿಯ ತರಗತಿಗೆ 282ನೇ ಸೂಕ್ತದ ಪಾಠದೊಂದಿಗೆ ತಲಾ ಒಂದು ನೂರು ಪುಟದ ಪುಸ್ತಕವನ್ನು ಕೊಡತೊಡಗಿದ್ದೇವೆ. ಮೊದಲ ಪುಟದಲ್ಲಿ ಪೆರ್ನಾಲ್‌ಗೆ ಸಿಕ್ಕಿದ ಹಣದ ಲೆಕ್ಕ ಬರೆಯುವುದು ಮಕ್ಕಳಿಗೆ ಕೊಟ್ಟ ಮನೆಕೆಲಸ.