ತಲೆಯ ಪೆಟ್ಟು ಹೊಲಿಗೆ ಬಿಚ್ಚಿದ ದಿನಕ್ಕೇ ಮುಗಿಯುವುದಿಲ್ಲ

ಬೆಳಿಗ್ಗೆ ಎಂಟೂವರೆಗೆ ಪೆರೇಸಂದ್ರ ಕ್ರಾಸ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿ. ಹೈವೇಯಲ್ಲಿ ಹೈದರಾಬಾದ್ ಕಡೆಯ ಲಾರಿಗಳು, ಪಕ್ಕದಿಂದ ಗುಡಿಬಂಡೆ ರಸ್ತೆಯ ಬಸ್ಸು, ಆಟೋ. ಇವುಗಳ ನಡುವೆ ಬೈಕ್‌ಗಳು. ಟ್ಯಾಂಕಿನ ಮೇಲೆ ಒಂದು ಮಗು, ಹಿಂದೆ ಸ್ಕೂಲ್ ಬ್ಯಾಗಿನ ಜೊತೆ ಇನ್ನೊಂದು. ಗಾಡಿ ಓಡಿಸುವವರು ಹೆಲ್ಮೆಟ್ ಹಾಕಿದ್ದರೆ ಅದು ಪೊಲೀಸರ ಭಯಕ್ಕೆ. ಮಕ್ಕಳ ತಲೆ ಮಾತ್ರ ಬರಿದು.

ಈ ರಸ್ತೆಯ ಅಪಘಾತಗಳನ್ನು ನಾವು ಬರೆಯುತ್ತಲೇ ಇರುತ್ತೇವೆ. ಸತ್ತವರ ಹೆಸರು, ಗಾಯಾಳುಗಳ ಸಂಖ್ಯೆ, ಯಾವ ಠಾಣೆಯಲ್ಲಿ ಕೇಸು. ಕೊನೆಗೆ "ಮಗುವಿನ ತಲೆಗೆ ಪೆಟ್ಟಾಗಿದ್ದು, ಪ್ರಾಣಾಪಾಯವಿಲ್ಲ" ಎಂದು ಬರೆದು ಕಳಿಸುತ್ತೇವೆ. ಎರಡು ವರ್ಷ ಆದಮೇಲೆ ಆ ಮಗು ಹೇಗಿದೆ ಎಂದು ಕೇಳಲು ವಾಪಸ್ ಹೋಗುವುದಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಬೇರೆ ಸುದ್ದಿಗೆಂದು ಹೋದಾಗ ಒಬ್ಬ ತಾಯಿ ಸಿಕ್ಕರು. ಅವರ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಹುಣಸೆ ಮರದಿಂದ ಬಿದ್ದು ಎರಡು ದಿನ ಎಚ್ಚರ ತಪ್ಪಿದ್ದ. ವಾಸಿಯಾಗಿ ಮನೆಗೆ ಬಂದ, ಮೊದಲಿನಂತೆ ಓಡಾಡಿದ. ಮನೆಯವರು ಹರಕೆ ತೀರಿಸಿದರು. ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಹುಡುಗ ಒಂದು ಕಡೆ ಕೂರುತ್ತಿರಲಿಲ್ಲ. ಅಂಗಡಿಗೆ ಕಳಿಸಿದರೆ ಏನು ತರಬೇಕೆಂಬುದೇ ಮರೆಯುತ್ತಿದ್ದ. ಸಣ್ಣದಕ್ಕೂ ಸಿಟ್ಟು, ಕೈಗೆ ಸಿಕ್ಕಿದ್ದನ್ನು ಎಸೆಯುವುದು. ಶಾಲೆಯಲ್ಲಿ ಪುಂಡ ಅಂದರು. ಮಾತು ತಡವರಿಸಿದರೆ, "ಮನೇಲಿ ತೆಲುಗು, ಇಲ್ಲಿ ಕನ್ನಡ, ಅದಕ್ಕೇ ಹಿಂಗೆ" ಅಂದರು. ನೆಂಟರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಅಪ್ಪ ಬೆಲ್ಟು ತೆಗೆದರು.

"ಮರದಿಂದ ಬಿದ್ದಿದ್ದನ್ನ ಮೇಷ್ಟ್ರಿಗೆ ಹೇಳಿದ್ರಾಮ್ಮ?" ಎಂದು ಕೇಳಿದೆವು.

"ಅದು ಯಾವಾಗ್ಲೋ ವಾಸಿ ಆಯ್ತಲ್ಲ ಸಾರ್" ಅಂದರು.

ಆ ಹುಡುಗನ ಸಿಟ್ಟಿಗೆ ಮರದಿಂದ ಬಿದ್ದದ್ದೇ ಕಾರಣ ಎನ್ನಲು ನಾವು ಡಾಕ್ಟರಲ್ಲ. ಆದರೆ ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಕೇಳಲೇಬೇಕು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ತಲೆಯ ಪೆಟ್ಟಿನ ಲೆಕ್ಕ ಇಟ್ಟವರು ನಮ್ಮ ಹತ್ತಿರದಲ್ಲೇ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ವರ್ಷಗಟ್ಟಲೆ ಈ ಕೆಲಸ ಮಾಡಿದವರು. 2002ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ದೇಶದಲ್ಲಿ ಮೆದುಳಿಗೆ ಆಗುವ ಪೆಟ್ಟುಗಳಲ್ಲಿ ಸುಮಾರು 60 ಭಾಗ ರಸ್ತೆ ಅಪಘಾತದಿಂದ, 20ರಿಂದ 25 ಭಾಗ ಬೀಳುವುದರಿಂದ. ಇದು ಎಲ್ಲ ವಯಸ್ಸಿನವರ ಲೆಕ್ಕ. ಚಿಕ್ಕ ಮಕ್ಕಳಲ್ಲಿ ಬೀಳುವುದೇ ದೊಡ್ಡ ಕಾರಣ. ತಾರಸಿ, ಮರ, ಮೆಟ್ಟಿಲು, ಟ್ರ್ಯಾಕ್ಟರ್ ಟ್ರೇಲರ್ ನಮ್ಮ ಎಲ್ಲ ಊರಲ್ಲೂ ಇವೆ.

ಪೆಟ್ಟು ಇಂದು ಬಿದ್ದರೆ ತೊಂದರೆ ವರ್ಷಗಳ ನಂತರ ಕಾಣುವುದು ಹೇಗೆ? ಹಣೆಯ ಹಿಂದಿನ ಮೆದುಳಿನ ಭಾಗ ಸಿಟ್ಟು ತಡೆಯುವುದು, ಗಮನ ಇಡುವುದು, ಯೋಚಿಸಿ ಕೆಲಸ ಮಾಡುವುದು ಇವನ್ನೆಲ್ಲ ನೋಡಿಕೊಳ್ಳುತ್ತದೆ. ಅದು ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಆರು ವರ್ಷದ ಮಗುವಿಗೆ ಆ ಕೆಲಸಗಳು ಹೆಚ್ಚು ಬೇಕಾಗುವುದಿಲ್ಲ. ಹತ್ತು, ಹನ್ನೆರಡಕ್ಕೆ ಬಂದಾಗ ಪಾಠ ಜಾಸ್ತಿ, ಜವಾಬ್ದಾರಿ ಜಾಸ್ತಿ. ಕೊರತೆ ಕಾಣುವುದು ಆಗ. ಸಸಿ ಇದ್ದಾಗ ಬೇರಿಗೆ ಪೆಟ್ಟಾದ ಗಿಡ, ಕಾಯಿ ಹಿಡಿಯುವ ಹೊತ್ತಿಗೆ ಸೊರಗಿದಂತೆ.

ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ಮೇಗನ್ ನರಾದ್ ಮತ್ತು ಜೊತೆಗಾರರು 3ರಿಂದ 7 ವರ್ಷದಲ್ಲಿ ಪೆಟ್ಟು ತಿಂದ ಮಕ್ಕಳನ್ನು ಸುಮಾರು ಏಳು ವರ್ಷ ಹಿಂಬಾಲಿಸಿದರು. ಕೆಲವರಿಗೆ ತಲೆಗೆ ಪೆಟ್ಟು, ಕೆಲವರಿಗೆ ಬರೀ ಮೂಳೆ ಮುರಿತ. 2018ರಲ್ಲಿ ಬಂದ ಫಲಿತಾಂಶ ಹೀಗಿತ್ತು: ತಲೆಗೆ ತೀವ್ರ ಪೆಟ್ಟು ಬಿದ್ದ ಮಕ್ಕಳಲ್ಲಿ ಗಮನ ನಿಲ್ಲದ, ಚಡಪಡಿಕೆಯ ಕಾಯಿಲೆ ಹೊಸದಾಗಿ ಬರುವ ಸಾಧ್ಯತೆ ಮೂಳೆ ಮುರಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಕೆಲವರಲ್ಲಿ ಅದು ಕಾಣಿಸಿದ್ದು ಪೆಟ್ಟಾಗಿ ಹಲವು ವರ್ಷಗಳ ನಂತರ.

"ಮನೆ ವಾತಾವರಣ ಸರಿ ಇರಲ್ಲ, ಅದಕ್ಕೇ ಮಕ್ಕಳು ಹಾಗಾಗ್ತಾರೆ" ಎನ್ನುವವರು ಇದ್ದಾರೆ. ಸ್ವೀಡನ್‌ನಲ್ಲಿ 1973ರಿಂದ 1985ರ ನಡುವೆ ಹುಟ್ಟಿದ 11 ಲಕ್ಷ ಜನರ ದಾಖಲೆ ನೋಡಿದ ಸಂಶೋಧಕರು ಇದನ್ನೂ ಪರೀಕ್ಷಿಸಿದರು. ಪೆಟ್ಟು ಬಿದ್ದವರನ್ನು ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿದರು. ಅದೇ ಮನೆ, ಅದೇ ಅಪ್ಪ ಅಮ್ಮ. ಆದರೂ ಪೆಟ್ಟು ಬಿದ್ದವರೇ ಮುಂದೆ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರುವುದು, ಓದಿನಲ್ಲಿ ಹಿಂದೆ ಉಳಿಯುವುದು ಹೆಚ್ಚಿತ್ತು.

ಹೆದರಿಸಲು ಇದನ್ನು ಹೇಳುತ್ತಿಲ್ಲ. ತಲೆಗೆ ಸಣ್ಣ ಪೆಟ್ಟು ಬಿದ್ದ ಹೆಚ್ಚಿನ ಮಕ್ಕಳು ಕೆಲವು ವಾರದಲ್ಲಿ ಪೂರ್ತಿ ಸುಧಾರಿಸುತ್ತಾರೆ. ಚಡಪಡಿಸುವ ಮಕ್ಕಳೆಲ್ಲ ತಲೆಗೆ ಪೆಟ್ಟು ತಿಂದವರೂ ಅಲ್ಲ. ಎಚ್ಚರ ತಪ್ಪಿದ, ಫಿಟ್ಸ್ ಬಂದ, ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದ ಮಕ್ಕಳ ಮೇಲೆ ಕಣ್ಣಿಡಬೇಕು ಎನ್ನುವುದಷ್ಟೇ ನಮ್ಮ ಮಾತು.

ಅದಕ್ಕೆ ದೊಡ್ಡ ಬಜೆಟ್ ಬೇಡ. ಆಸ್ಪತ್ರೆಯಿಂದ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಕನ್ನಡದಲ್ಲಿರಲಿ: "ಮುಂದೆ ನಡವಳಿಕೆ, ನೆನಪು, ಓದಿನಲ್ಲಿ ಬದಲಾವಣೆ ಕಂಡರೆ ಈ ಚೀಟಿ ತೆಗೆದುಕೊಂಡು ಬನ್ನಿ." 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆ, ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಅವರು ಹಲ್ಲು, ಕಣ್ಣು ನೋಡುವಾಗ "ತಲೆಗೆ ಯಾವಾಗಾದರೂ ಜೋರಾಗಿ ಪೆಟ್ಟು ಬಿದ್ದಿತ್ತಾ?" ಎಂದೂ ಕೇಳಿ ಬರೆದುಕೊಳ್ಳಲಿ. ಮೇಷ್ಟ್ರುಗಳಿಗೆ ಈಗಲೇ ಕೆಲಸದ ಹೊರೆ ಎನ್ನುವುದು ನಿಜ. ಆದರೆ ವಿಷಯ ಗೊತ್ತಿದ್ದರೆ ಬೆತ್ತ ತೆಗೆಯುವ ಬದಲು ಆ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಬಹುದು, ಒಂದು ಸಲಕ್ಕೆ ಒಂದೇ ಕೆಲಸ ಹೇಳಬಹುದು.

ಬರೆದಿಟ್ಟರೆ ಮಗುವಿಗೆ ಹುಚ್ಚು ಎನ್ನುವ ಹೆಸರು ಬರುತ್ತದೆ ಎಂದು ತಂದೆ ತಾಯಿ ಹೆದರುತ್ತಾರೆ. ನಮ್ಮ ಕಡೆ "ನಿಮ್ಹಾನ್ಸ್‌ಗೆ ಹೋಗು" ಎನ್ನುವುದೇ ಬೈಗುಳ ಆಗಿದೆ. ಆದರೆ ದಡ್ಡ, ಪುಂಡ, ಗಾಳಿ ಸೋಕಿದವನು ಎನ್ನುವ ಹೆಸರುಗಳು ಆ ಮಗುವಿಗೆ ಆಗಲೇ ಬಂದಿವೆ. "ತಲೆಗೆ ಪೆಟ್ಟು ಬಿದ್ದಿತ್ತು" ಎನ್ನುವುದು ಅವುಗಳಿಗಿಂತ ಮರ್ಯಾದೆಯ ಮಾತು. ಮಗುವಿಗೆ ಎಲ್ಲಿ ಕಷ್ಟವಾಗುತ್ತಿದೆ ಎಂದು ಅಳೆಯಲು ನಿಮ್ಹಾನ್ಸ್ 2004ರಲ್ಲೇ 5ರಿಂದ 15 ವರ್ಷದ ಮಕ್ಕಳಿಗೆ ಪರೀಕ್ಷೆಗಳನ್ನು ತಯಾರಿಸಿದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಚಿಕ್ಕಬಳ್ಳಾಪುರವೂ ಇತ್ತು. ಕೂಲಿ ಬಿಟ್ಟು ಬೆಂಗಳೂರಿಗೆ ಓಡುವ ಮೊದಲು ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಮಾನಸಿಕ ಆರೋಗ್ಯದ ಸಲಹೆಗೆ 14416ಕ್ಕೆ ಫೋನ್ ಮಾಡಿ, ಉಚಿತ. ಕನ್ನಡದಲ್ಲೇ ಮಾತನಾಡಬಹುದು.

ಮಗು ಬಿದ್ದ ದಿನ ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಮೂಗು ಕಿವಿಯಿಂದ ರಕ್ತ ಅಥವಾ ನೀರು, ಹೆಚ್ಚುತ್ತಲೇ ಹೋಗುವ ತಲೆನೋವು ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇನ್ನು ಹೆಲ್ಮೆಟ್. ನಾಲ್ಕು ವರ್ಷ ದಾಟಿದ ಮಗುವಿಗೆ ಕಾನೂನಿನಲ್ಲೇ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕವರಿಗೆ 2023ರ ಫೆಬ್ರವರಿಯಿಂದ ಹೆಲ್ಮೆಟ್ ಜೊತೆ ಬೆಲ್ಟೂ ಬೇಕು, ವೇಗ 40 ಕಿ.ಮೀ. ದಾಟಬಾರದು. ಹೆಲ್ಮೆಟ್ ಹಾಕಿದ ಸವಾರರಲ್ಲಿ ತಲೆಯ ಗಾಯ ಸುಮಾರು 69 ಭಾಗ ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ.

ಆ ತಾಯಿ ಹಳೇ ಟ್ರಂಕಿನಿಂದ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆದರು. ಅದರ ಫೋಟೋ ತೆಗೆದು ಅವರ ಫೋನಿಗೇ ಹಾಕಿಕೊಟ್ಟೆವು, ಮೇಷ್ಟ್ರಿಗೂ ಡಾಕ್ಟ್ರಿಗೂ ತೋರಿಸಿ ಎಂದು. ನಿಮ್ಮ ಮನೆಯಲ್ಲೂ ಅಂಥ ಚೀಟಿ ಇದ್ದರೆ ಇವತ್ತೇ ಹುಡುಕಿ.